ಎರಡನೇ ಪ್ರತಿವಾದಿಗೆ

ಅರ್ಜಿಯ ಮೊದಲ ಪುಟದಲ್ಲಷ್ಟೇ ನಿನ್ನ ಹೆಸರು, ತುಳಸಿದಾಸ.
ಆಮೇಲೆ ನಲವತ್ತಾರು ಪುಟ
ನೀನು ಬರೀ ಎರಡನೇ ಪ್ರತಿವಾದಿ.
ಒಂದನೆಯದು ಸರ್ಕಾರ,
ಅದಕ್ಕೆ ನಮ್ಮಿಬ್ಬರ ಗುರುತೂ ಇಲ್ಲ.

ಪರ್ವರಿಯ ಗುಡ್ಡದ ಮೇಲೆ ಹೈಕೋರ್ಟು.
ಕೆಳಗೆ, ಇಲ್ಲಿಂದ ಕಾಣದು, ಮಾಲಿಂ ಧಕ್ಕೆ,
ಅಲ್ಲಿ ನಮ್ಮ ಐಸ್ ಫ್ಯಾಕ್ಟರಿ, ಬಾಗಿಲಿಗೆ ಬ್ಯಾಂಕಿನ ಬೀಗ.
ನಮ್ಮದು ಮೂವತ್ತೊಂದನೇ ನಂಬರು.
ಈಗ ನಡೆದಿರುವುದು ಹನ್ನೊಂದು:
ಯಾರದೋ ಬಾವಿ, ಯಾರದೋ ಬೇಲಿ.

ವಕೀಲೆ ಕುಂಕಳಿಕರ್ ಬಾಯಿ ಹೇಳಿಕೊಟ್ಟಿದ್ದಾರೆ:
ಕೊಟ್ಟ ದುಡ್ಡು ಮುಳುಗಿದರೆ ಅದು ನಷ್ಟ,
ಮುಳುಗಿಸಲೆಂದೇ ಈಸಿಕೊಂಡಿದ್ದರೆ ಮೋಸ.
ಕೈಚಾಚಿದ ಆ ಗಳಿಗೆಯಲ್ಲಿ
ಮನಸ್ಸಿನಲ್ಲಿ ಏನಿತ್ತು,
ಕಾನೂನು ಕೇಳುವುದು ಅಷ್ಟೇ.

ಏನಿತ್ತು?
ನೆನಪಿಸಿಕೊಳ್ಳುತ್ತ ಕೂತಿದ್ದೇನೆ, ಫ್ಯಾನಿನ ಕೆಳಗೆ.

ಆವತ್ತು ಶನಿವಾರ.
ಟ್ರಾಲರುಗಳನ್ನೆಲ್ಲ ಕಟ್ಟಿಹಾಕಿದ ಆಷಾಢ.
ನೀನು ಅಂಕೋಲೆಯಿಂದ ಬಸ್ಸಿನಲ್ಲಿ ಬಂದೆ.
ಹೆಂಡತಿ ಕಟ್ಟಿಕೊಟ್ಟ ಒಣ ಸೆಟ್ಲಿಯ ಪೊಟ್ಟಣ,
ಚೀಲದ ತಳದಲ್ಲಿ
ಮಗಳ ಹೆಸರಿನ ಠೇವಣಿ ಒಡೆಸಿದ ಚೀಟಿ.
ಹದಿನೆಂಟು ಲಕ್ಷ. ರಶೀದಿ ಬರೆದದ್ದು
ಡೀಸೆಲ್ ಬಿಲ್ಲಿನ ಹಿಂಬದಿಗೆ.
"ಇದೆಂಥಾ ರಶೀದಿ ಮಾರಾಯಾ" ಅಂತ ನೀನೇ ನಕ್ಕಿದ್ದೆ.
ಈಗ ಅದು ದಾಖಲೆ 'ಸಿ',
ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಬೆಚ್ಚಗಿದೆ.

ನನ್ನ ಮನಸ್ಸಿನಲ್ಲಿ ಆಗ
ದೇವರಾಣೆ, ಐಸೇ ಇತ್ತು.
ನೂರಿಪ್ಪತ್ತು ಡಬ್ಬಿ, ಉಪ್ಪುನೀರಿನ ತೊಟ್ಟಿ,
ನಸುಕಿನ ಮೂರಕ್ಕೆ ಗಡ್ಡೆ ಕಳಚುವ ಸದ್ದು,
ಧಕ್ಕೆಯ ಮೇಲೆ ಬಂಗಡೆ ರಾಶಿ,
ನಾವಿಬ್ಬರೂ ಬೈದಾಡುತ್ತ ಲೆಕ್ಕ ಬರೆಯುವ ಮೇಜು.
ನಿನ್ನ ಮಗಳ ಮದುವೆಗೆ ನಾನು ಕೊಡುವ ಸೀರೆಯ ಬಣ್ಣ ಕೂಡ.

ಇದು ಅರ್ಜಿಯಲ್ಲಿ ಇಲ್ಲ.
ಇನ್ನೊಂದೂ ಇಲ್ಲ.

ಅದರ ಹಿಂದಿನ ಗುರುವಾರ
ಮಾಪ್ಸೆಯ ಮೆಕ್ಯಾನಿಕ್ ಆಗ್ನೆಲೊ
ಕಂಪ್ರೆಸರಿಗೆ ಕಿವಿಯಿಟ್ಟು, ಕೈ ಒರೆಸಿಕೊಂಡು,
"ಒಂದು ಸೀಸನ್. ಆಮೇಲೆ ದೇವರು" ಅಂದಿದ್ದ.
ಶನಿವಾರ ನೀನು ಕೇಳಿದೆ: ಮಷೀನು ಹೇಗಿದ್ಯೋ?
ನಾನು: ಓಡ್ತದೆ.
ಓಡ್ತಿತ್ತು, ತುಳಸಿದಾಸ. ಆಗ ಓಡ್ತಲೇ ಇತ್ತು.

ನವೆಂಬರಿನಲ್ಲಿ ನಿಂತಿತು.
ಅಮೋನಿಯಾ ಕಣ್ಣಿಗೆ ಹೊಡೆದು
ಇಬ್ಬರೂ ಅಳುತ್ತ ಹೊರಗೋಡಿದೆವು,
ಜೊತೆಯಲ್ಲಿ ಅತ್ತದ್ದು ಅದೊಂದೇ ಸಲ.
ಆಮೇಲೆ ನೋಟೀಸು, ಆಮೇಲೆ ಠಾಣೆ, ನಾನ್ನೂರಿಪ್ಪತ್ತು.
ಧಕ್ಕೆಯ ಹುಡುಗರು ನನಗೆ ಆ ನಂಬರಿಟ್ಟೇ ಕರೆದರು.

ಗಡ್ಡೆ ಕಟ್ಟುವುದು ಹೊರಗಿನಿಂದ ಒಳಕ್ಕೆ.
ಅಂಚು ಗಾಜು, ಆಚೆ ಹಿಡಿದ ಬೆರಳು ಕಾಣುತ್ತದೆ.
ನೀರಿನೊಳಗಿನ ಗಾಳಿ, ಧೂಳು, ಎಲ್ಲ
ಸರಿಯುತ್ತ ಸರಿಯುತ್ತ ನಡುವಿಗೆ ಹೋಗಿ
ಬೆಳ್ಳಗೆ ಮಂಕಾಗಿ ನಿಂತುಬಿಡುತ್ತದೆ, ಬೆನ್ನುಹುರಿಯ ಹಾಗೆ.
ಅದು ಮೊದಲಿನಿಂದಲೂ ನೀರಲ್ಲಿತ್ತೆ
ಕಟ್ಟುವಾಗ ಹುಟ್ಟಿತೆ
ಅಂತ ಯಾರಾದರೂ ಕೇಳಿದರೆ
ಇಪ್ಪತ್ತು ವರ್ಷ ಐಸು ಮಾರಿದವ ನಾನು, ಏನು ಹೇಳಲಿ?

ಮೂವತ್ತೊಂದು.

ಆರು ನಿಮಿಷ. ಇಂಗ್ಲಿಷಿನಲ್ಲಿ ನಾವು ವ್ಯಾಪಾರಿಗಳಾದೆವು.
ನಮ್ಮ ನಡುವಿನದು ಸಿವಿಲ್ ವ್ಯಾಜ್ಯ,
ಅದಕ್ಕೆ ಕ್ರಿಮಿನಲ್ ಅಂಗಿ ತೊಡಿಸಿದ್ದು, ಎಂದಾಯಿತು.
ಎಫ್‌ಐಆರ್ ರದ್ದು.
ಆಗ್ನೆಲೊನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಮೆಟ್ಟಿಲ ಬಳಿ ನೀನು ಚಪ್ಪಲಿಯ ಬಾರು ಸರಿಮಾಡುತ್ತಿದ್ದೆ.
ತಲೆ ಎತ್ತದೆ, "ಸಿವಿಲ್ ಹಾಕ್ತೇನೆ."
ನಾನು, "ಹಾಕು."
ಮೂರು ವರ್ಷದಲ್ಲಿ ನಾವಾಡಿದ ಮೊದಲ ಮಾತು.

ಇನ್ನೊಂದು ಹೇಳಲು ಬಾಯಿ ತೆರೆದೆ.
ಪಣಜಿಯ ಬಸ್ಸು ಬಂತು. ನೀನು ಹತ್ತಿದೆ.
ಅದೇ ಬಸ್ಸು ನನಗೂ ಆಗುತ್ತಿತ್ತು.